ಸಹಾಯ ಬೇಕು: ಹೊಡೆತ ತಿಂದು ನಲುಗಿದ ಮಗುವನ್ನು ಮತ್ತೆ ಪಾಠಕ್ಕೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಹೋದ ವರ್ಷ ಹದಿನಾರರ ಮಗ್ಗಿಯನ್ನು ಗಡಗಡನೆ ಒಪ್ಪಿಸುತ್ತಿದ್ದ ಹುಡುಗ ಈಗ ಏಳರ ಮಗ್ಗಿಗೇ ತಡವರಿಸುತ್ತಾನೆ. ಬೋರ್ಡ್ ಒರೆಸಲು ನಾನು ಕೈ ಎತ್ತಿದರೆ ಸಾಕು, ಎರಡೂ ಕೈ ತಲೆಯ ಮೇಲಿಟ್ಟು ಮುದುಡಿಕೊಳ್ಳುತ್ತಾನೆ. ಮನೆಯಲ್ಲಿ ದಿನಾ ಹೊಡೆತ ಬೀಳುತ್ತಿತ್ತು ಅಂತ ಗೊತ್ತಾಗಿದ್ದು ಆಮೇಲೆ. ಅಲ್ಲಿಯವರೆಗೆ ನಾನೂ ಅವನನ್ನು ‘ಸೋಮಾರಿ’ ಅಂತ ಗದರಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು, ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದಿದೆ. ಈಗ ಅಜ್ಜಿ ಮನೆಯಿಂದ ಶಾಲೆಗೆ ಬರುತ್ತಾನೆ, ಆದರೆ ಭಯವೂ ಜೊತೆಗೇ ಬರುತ್ತಿದೆ. ಸದಾ ಏಟಿಗೆ ಕಾಯುವ ಮನಸ್ಸಿನಲ್ಲಿ ಲೆಕ್ಕ ನಿಲ್ಲುವುದಾದರೂ ಹೇಗೆ? ದಡ್ಡತನ ಅಲ್ಲ ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ನಿಜ. ಆದರೆ ಇವನಿಗೆ ಎದುರು ಕೂತು, ಆಟವಾಡಿಸುತ್ತಾ ಮಾತಾಡಿಸುವವರು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ಗೆ ವಾರವಾರ ಕರೆದೊಯ್ಯುವ ಶಕ್ತಿ ಅಜ್ಜಿಗಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳಿಗೆ ಆಪ್ತಸಮಾಲೋಚನೆ ಕೊಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ, ಮೊದಲು ಯಾರನ್ನು ಕಾಣಬೇಕು? ಆದದ್ದನ್ನು ಮತ್ತೆ ಮತ್ತೆ ಕೆದಕದೆ ತರಗತಿಯಲ್ಲಿ ಅವನ ಧೈರ್ಯ ಹೆಚ್ಚಿಸಲು ನೀವೇನು ಮಾಡಿದಿರಿ? ಪರೀಕ್ಷೆ ಹತ್ತಿರ ಬರುತ್ತಿದೆ. ಮಗುವಿನ ಹೆಸರು, ಊರು ಮಾತ್ರ ಕೇಳಬೇಡಿ.