ಅರ್ಜಂಟ್: ಏಸಿ ಕೊಟೇಶನ್ನಿನ ‘ಲೇಟೆಂಟ್ ಲೋಡ್’ಗೆ ಕನ್ನಡ ಏನ್ರಿ?

ಹುಬ್ಬಳ್ಳಿಯಿಂದ, ಶನಿವಾರ ರಾತ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಸೋಮವಾರ ಮುಂಜಾನೆ 10ಕ್ಕ ಪ್ರಿಂಟಿಗೆ ಕೊಡಬೇಕು, ಹಂಗಾಗಿ ಪೀಠಿಕಿ ಇಲ್ಲ. ನವಲಗುಂದ ಕಡೆಯ ಆರು ಮಂದಿ ರೈತರು ರೊಕ್ಕ ಕೂಡಿಸಿ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಹಳೇ ಗೋದಾಮು ಒಂದು ಹಿಡದಾರ, ಒಳಗ ಎಲ್‌ಇಡಿ ಬೆಳಕಿನಾಗ ಲೆಟ್ಯೂಸು ಬೇಸಿಲ್ಲು ಬೆಳಿಯೋದು, ಬಿಸಲೂ ಇಲ್ಲ ಮಣ್ಣೂ ಇಲ್ಲ. ಏಸಿಗೆ ಮೂರು ಕೊಟೇಶನ್ ಬಂದಾವ, ಮೂರೂ ಇಂಗ್ಲಿಷಿನಾಗ. ಒಂದರಾಗ ಸ್ಪ್ಲಿಟ್ ಏಸಿ ಸಾಲಾಗಿ ಹಚ್ಚಿ ಜೋಡಿಗೆ ಡಿಹ್ಯುಮಿಡಿಫೈಯರ್ (ಗಾಳ್ಯಾಗಿನ ತ್ಯಾವ ತಗಿಯೋ ಮಷೀನು) ಇಡೋದು, ಇನ್ನೊಂದರಾಗ ಮಾಳಗಿ ಮ್ಯಾಲ ಕೂಡೋ ಪ್ಯಾಕೇಜ್ ಯೂನಿಟ್ಟು ಅದಕ್ಕ ರೀಹೀಟು, ಮೂರನೇದು ಚಿಲ್ಲರ್, ಅಂದ್ರ ನೀರು ತಣ್ಣಗ ಮಾಡಿ ಅದರಿಂದ ರೂಮು ತಂಪು ಮಾಡೋದು. ನಾ ಕನ್ನಡ ಮಾಡಿಕೊಟ್ಟದ್ದನ್ನ ಓದಿ ಅವರು ಆರಿಸೋರು.

ನಾಕು ಕಡೆ ಸಿಕ್ಕೊಂಡೀನಿ. ಲೇಟೆಂಟ್ ಲೋಡ್ (ಗಾಳ್ಯಾಗಿನ ತ್ಯಾವ ತಗಿಯೋ ಕೆಲಸ), ಸೆನ್ಸಿಬಲ್ ಲೋಡ್ (ಗಾಳಿ ತಂಪು ಮಾಡೋ ಕೆಲಸ), ರೀಹೀಟ್, ಟನ್. ಗುಪ್ತೋಷ್ಣ ಅಂತ ಸಾಲ್ಯಾಗ ಕಲ್ತದ್ದು ನೆನಪೈತಿ, ಅದನ್ನ ಹಾಕಿ ಒಬ್ಬ ಹಿರ್ಯಾರಿಗೆ ತೋರಿಸಿದೆ, ಗುಪ್ತ ಅಂದ್ರ ಇದು ಅವರು ಮುಚ್ಚಿಟ್ಟ ಖರ್ಚೇನಪಾ ಅಂತ ಕೇಳಿದ್ರು. 20 ಟನ್ ಅಂತ ಕಂಡು ಇನ್ನೊಬ್ಬರು ಮಾಳಗಿ ತಡಕೊಳ್ಳತೈತೇನು ಅಂದ್ರು. ಚಿಲ್ಲರ್ ಅಂತೂ ಕೇಳಬ್ಯಾಡ್ರಿ, ಇಷ್ಟು ದೊಡ್ಡ ಮಷೀನಿಗೆ ಚಿಲ್ಲರ ಅಂತ ಯಾಕ ಹೆಸರಿಟ್ಟಾರ ಅಂತ. ಬಾಗಲಕ್ಕ ಒಂದು ಬೋರ್ಡೂ ಬೇಕು, ಒಳಗಿನ ತ್ಯಾವ ಕೆಡತೈತಿ ಬಾಗಲಾ ಹಾಕ್ರಿ ಅನ್ನೋ ಅರ್ಥದ್ದು, ಸಣ್ಣದಿರ್ಲಿ.

ಧಾರವಾಡದಿಂದ

> ಗುಪ್ತೋಷ್ಣ

ಗುಣಸಂಧಿ ಸರಿ ಅದ, ಅರ್ಥ ಸರಿ ಅದ, ನಾ ಕಲಿಸೋ ಕಾಲಕ್ಕೂ ಪುಸ್ತಕದಾಗ ಇತ್ತು. ಇನ್ನೊಂದಕ್ಕ ಸಂವೇದ್ಯೋಷ್ಣ ಅನ್ನು ತಮ್ಮಾ. ಮುಗೀತು. ಓದೋರಿಗೆ ತಿಳೀಲಿಲ್ಲ ಅಂತ ಶಬ್ದ ಬದಲ್ ಮಾಡ್ಕೋತ ಹೋದ್ರ ಕೋಶ ಯಾಕ ಬೇಕು? ನನ್ನ ತಕರಾರು ಬ್ಯಾರೆ ಅದ. ಮ್ಯಾಲೆ ಹವಾನಿಯಂತ್ರಣ ಅಂತ ಹಾಕಿರತಿ, ನನಗ ಗೊತ್ತು. ಅದು ಶುದ್ಧ ಅರಿಸಮಾಸ. ವಾತಾನುಕೂಲ ಅನ್ನು.

ಗದಗದಿಂದ

ಮಾಸ್ತರ, ಅರಿಸಮಾಸ ಹೆಂಗ ಆಗತೈತ್ರಿ? ಕನ್ನಡಕ್ಕ ಸಂಸ್ಕೃತ ಕೂಡಿದ್ರ ಅರಿ. ಹವಾ ಅರಬ್ಬಿ, ನಿಯಂತ್ರಣ ಸಂಸ್ಕೃತ, ಇದರಾಗ ಕನ್ನಡ ಎಲ್ಲೈತಿ ಜಗಳಾಡಾಕ? ಅನುಕೂಲ ಮಾಡಿಕೊಳ್ಳಾಕ ವಾತ ಏನು ಮೊಣಕಾಲಿನ್ಯಾಗ ಬಂದೈತೇನು.

ಕೇಳಿದವರಿಗೆ ಹೇಳ್ತೀನಿ. ಕಾವು ಐತಿ ನಮ್ಮದು, ಒಳ ಸೇರಿಸ್ರಿ, ಆದೇಶ ಆಗಿ ಒಳಗಾವು. ಇನ್ನೊಂದು ತೋರುಗಾವು. ತೇವಕ್ಕ ಪಸೆ. ಗಂಟಲ ಪಸಿ ಆರಿತು ಅಂತ ಇವತ್ತೂ ಅಂತೀವಿ, ಹಂಗಾದ್ರ ಡಿಹ್ಯುಮಿಡಿಫೈಯರ್ರು ಪಸೆಹೀರುಕ. ಇಷ್ಟ ಐತಿ, ಆದ್ರೂ ನಮ್ಮವರು ಹುಡುಕಂಗಿಲ್ಲ.

ಬ್ಯಾಡಗಿಯಿಂದ

ಒಳಗಾವು ಅಂತ ಬಾಗಲಕ್ಕ ಬರದ್ರ ಒಳಗ ಹಾವು ಅಂತ ಓದ್ತಾರ್ರೀ, ಆಮ್ಯಾಲ ಒಬ್ಬ ಆಳೂ ಬರಂಗಿಲ್ಲ.

ನಾ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ್ಯಾಗ ಮಷೀನ್ ನೋಡ್ಕೊಂಡು ಇದ್ದವ, ಶಬ್ದ ನಂಗ ಗೊತ್ತಿಲ್ಲ, ಕೆಲಸ ಹೇಳ್ತೀನಿ, ನೀವ ಆರಿಸ್ಕೊಳ್ರಿ. ಮೆಣಸಿನಕಾಯಿ ಚೀಲ ಸುಮ್ಮ ಕುಂತಿರತೈತಿ. ಗಿಡ ಸುಮ್ಮ ಕೂಡಂಗಿಲ್ಲ, ಬೇರಿಗೆ ಕೊಟ್ಟ ನೀರು ಹೆಚ್ಚುಕಮ್ಮಿ ಅಷ್ಟೂ ಎಲಿಯಿಂದ ಆವಿ ಆಗಿ ರೂಮಿಗೆ ಬರತೈತಿ. ಹೊಲದಾಗಾದ್ರ ಗಾಳಿ ಒಯ್ಯತೈತಿ, ಗೋದಾಮಿನ್ಯಾಗ ಯಾರು ಒಯ್ಯೋರು? ಒಂದು ಲೀಟರ್ ನೀರು ಆವಿ ಆಗಾಕ ಸುಮಾರು 0.68 ಯೂನಿಟ್ ಕಾವು ತಿಂತೈತಿ. ನಿಮ್ಮವರು ದಿನಕ್ಕ 600 ಲೀಟರ್ ಕೊಡ್ತಾರ ಅಂತ ಹಿಡೀರಿ, 408 ಯೂನಿಟ್ ಆತು, 24 ತಾಸಿಗೆ ಹಂಚಿದ್ರ 17 ಕಿಲೋವ್ಯಾಟ್. ಒಂದು ಟನ್ ಅಂದ್ರ ಮೂರೂವರಿ ಕಿಲೋವ್ಯಾಟ್, ಅಂದ್ರ ಸುಮಾರು 5 ಟನ್ನಿನ ಕೆಲಸ ಬರೇ ನೀರಿಂದು. ಈ ಕಾವು ಎಲ್ಲಿಂದ ಬಂತು, ಲೈಟಿನಿಂದನ ಬಂತು, ಹಂಗಾಗಿ 60 ಕಿಲೋವ್ಯಾಟ್ ಲೈಟಿಗೆ 17 ಟನ್ ಹಿಡದು ಅದರ ಮ್ಯಾಲ ಮತ್ತ ಈ 5 ಕೂಡಿಸಬ್ಯಾಡ್ರಿ, ಇದು ಆ 17ರಾಗಿಂದನ ವೇಷಾ ಬದಲ್ ಮಾಡಿದ್ದು, ಥರ್ಮಾಮೀಟರಿಗೆ ಕಾಣಂಗಿಲ್ಲ. ಅಷ್ಟ.

ಪಂಚಾಯ್ತಿ ಇರೋದು ರಾತ್ರಿಗೆ. ಲೈಟ್ ಆರಿಸಿದ್ರ ರೂಮು ತಾನ ತಂಪಾಗತೈತಿ, ಸ್ಪ್ಲಿಟ್ ಏಸಿ ನನ್ನ ಕೆಲಸ ಮುಗೀತು ಅಂತ ಕಂಪ್ರೆಸರ್ ನಿಂದರಸ್ತೈತಿ, ಫ್ಯಾನ್ ತಿರಗಿದ್ರ ಕಾಯಿಲ್ ಮ್ಯಾಲ ಇದ್ದ ನೀರೂ ತಿರುಗಿ ಗಾಳ್ಯಾಗ ಸೇರತೈತಿ, ಗಿಡ ಅಂತೂ ಸ್ವಲ್ಪ ಸ್ವಲ್ಪ ಬಿಡ್ತನ ಇರತೈತಿ. ಮುಂಜಾನೆದ್ದು ನೋಡಿದ್ರ ಎಲಿ ಮ್ಯಾಲ ಬೂಷ್ಟು. ಅದಕ್ಕ ಜೋಡಿ ಮಷೀನು, ಇಲ್ಲಂದ್ರ ರೀಹೀಟು. ರೀಹೀಟ್ ಅಂದ್ರ ಗಾಳೀನ ಇಬ್ಬನಿ ಬೀಳೋವಷ್ಟು ತಂಪು ಮಾಡಿ ನೀರು ಹಿಂಡಿ ಮತ್ತ ಬೆಚ್ಚಗ ಮಾಡಿ ಬಿಡೋದು. ಎರಡ ಸಲ ಕರೆಂಟು ಅಂತ ರೈತರು ಹೌಹಾರ್ತಾರ, ಕಂಪ್ರೆಸರಿನ ಕಾವನ್ನ ಹೊರಗ ಒಗಿಯೋ ಬದ್ಲಿ ತಿರುಗಿ ಬಳಸ್ತಾರ ಅಂತ ಒಂದ ಸಾಲು ಬರೀರಿ. ಎಲ್ಲಾ ಕಂಪನಿಯವರೂ ಹಂಗ ಮಾಡಂಗಿಲ್ಲ, ಕೆಲವರು ಹೀಟರ್ ಕಾಯಿಲ್ ಹಾಕಿರ್ತಾರ, ಕೊಟೇಶನ್ನಿನ್ಯಾಗ ಯಾವ ರೀಹೀಟ್ ಅಂತ ಕೇಳ್ರಿ.

ಟನ್ ಅಂದ್ರ ತೂಕ ಹೌದು, ಮಷೀನಿಂದಲ್ಲ, ಬರ್ಫದ್ದು. 2000 ಪೌಂಡ್ ಬರ್ಫ 24 ತಾಸಿನ್ಯಾಗ ಕರಗಿದ್ರ ಎಷ್ಟು ಕಾವು ಹೀರತೈತಿ ಅಷ್ಟು, ಅಮೆರಿಕಾದ ಟನ್ನು. ಬರ್ಫ-ಟನ್ ಅಂತ ಬರೀರಿ, ಮಾಳಗಿ ಉಳೀತೈತಿ.

ಗದಗದಿಂದ

ಬರ್ಫ ಪಾರಸಿ.

ಧಾರವಾಡದಿಂದ

ಹಿಮ ಅನ್ಬಹುದಿತ್ತು. ಮುಂಬಯಿ ಸರಕಾರ ಹೋಗಿ ಇಷ್ಟು ವರ್ಷಾದ್ರೂ ನಮ್ಮ ಬಾಯಾಗಿನ ದವಾಖಾನಿ, ಬರ್ಫ, ರೊಕ್ಕ ಹೋಗವಲ್ವು.

ಬ್ಯಾಡಗಿಯಿಂದ

ದವಾಖಾನಿ ಬ್ಯಾಡಂದ್ರ ಏನನ್ನೋಣ್ರಿ ಸರ, ಆಸ್ಪತ್ರಿ? ಅದೂ ಹಡಗಿನ್ಯಾಗ ಬಂದಿದ್ದ. ಪೇಟ್ಯಾಗ ಮೆಣಸಿನಕಾಯಿ ಚೀಲಕ್ಕ ಕೈ ಹಾಕಿ ತ್ಯಾವ ಐತಿ ಅಂದ್ರ ರೇಟ್ ಬಿದ್ದಂಗ, ಆರ್ದ್ರತೆ ಅಂದ್ರ ಯಾರದು ಬೀಳಂಗಿಲ್ಲ.

ಬೆಟಗೇರಿಯಿಂದ

ಎಲ್ಲಾರೂ ಲೇಟೆಂಟಿಗೆ ಬಡದಾಡಾಕತ್ತೀರಿ, ಏರ್ ಕಂಡೀಷನಿಂಗ್ ಅನ್ನೋ ಮಾತು ಎಲ್ಲಿಂದ ಬಂತು ನೋಡ್ರಿ ಮೊದಲ. 1906ರಾಗ ಸ್ಟುವರ್ಟ್ ಕ್ರ್ಯಾಮರ್ ಅಂತ ಅಮೆರಿಕಾದ ಬಟ್ಟಿ ಗಿರಣಿ ಎಂಜಿನಿಯರು ಅದನ್ನ ಹುಟ್ಟಿಸಿದ್ದು. ತಂಪಿಗಲ್ಲ! ನೂಲು ಹರೀಬಾರದು ಅಂತ ಗಿರಣಿ ಗಾಳಿಗೆ ತ್ಯಾವ ಸೇರಸಾಕ. ನೂಲನ್ನ ಕಂಡೀಷನ್ ಮಾಡೋದು ಅಂತ ಮೊದಲ ಇತ್ತು, ಅದನ್ನ ಗಾಳಿಗೆ ಹಚ್ಚಿದ. ನಮ್ಮ ಮನ್ಯಾಗ ಮಗ್ಗ ಇತ್ತು, ಒಣಾ ಗಾಳಿ ಬೀಸಿದ್ರ ನಮ್ಮಜ್ಜ ನೂಲು ಹದಾ ತಪ್ಪೈತಿ ಅಂತ ನೆಲಕ್ಕ ನೀರು ಹೊಡಸ್ತಿದ್ದ. ಕಂಡೀಷನಿಂಗ್ ಅಂದ್ರ ಹದ. ನಿಯಂತ್ರಣ ಯಾಕ, ಅನುಕೂಲ ಯಾಕ? ಗಾಳಿ ಹದ. ನವಲಗುಂದದ ಎರಿ ಭೂಮಿ ರೈತಗ ಹದ ಅಂದ್ರ ತಿಳೀದ ಇರತೈತೇನು? ಹದಾ ನೋಡಿ ಬಿತ್ತಾವ ಅವ.

ಧಾರವಾಡದಿಂದ

ಹದ ಸಂಸ್ಕೃತದ ‘ಪದ’ದಿಂದ ಬಂದದ್ದು.

ಗದಗದಿಂದ

ಅಲ್ಲ. ತಮಿಳಿನಾಗ ಪದಂ ಐತಿ, ಹಳಗನ್ನಡದಾಗೂ ಪಕಾರನ, ಪ ಹೋಗಿ ಹ ಆಗೇತಿ, ಹಾಲು ಹಾವು ಆದಂಗ. ಇದನ್ನೂ ಸಂಸ್ಕೃತಕ್ಕ ಬರಕೊಟ್ರ ನಮಗ ಉಳಿಯೋದೇನ್ರಿ ಮಾಸ್ತರ. ಆದ್ರ ಹದ ಅನ್ನೋದು ಹವಾಕ್ಕ ಸರಿ, ಒಳಗಾವು ಒಳಗಾವ.

ಹುಬ್ಬಳ್ಳಿಯಿಂದ, ರವಿವಾರ ರಾತ್ರಿ

ಭಾಳ ಉಪಕಾರ ಆತ್ರಿ ಎಲ್ಲಾರದು. ಸಂಜಿಕೆ ಆ ಹಿರ್ಯಾರ ಮುಂದ ಎಲ್ಲಾ ಶಬ್ದ ಓದಿದೆ. ಪಸೆಹೀರುಕಕ್ಕ ನಕ್ಕರು, ಸಂವೇದ್ಯೋಷ್ಣಕ್ಕ ನಗಲೂ ಇಲ್ಲ. ಬ್ಯಾಡಗಿಯವರ ಲೆಕ್ಕ ಓದಿದಾಗ ಎದ್ದು ಕುಂತು, ಹಂಗಾದ್ರ ಮೂರರಾಗ ಯಾವ ಮಷೀನು ದಿನಕ್ಕ ಎಷ್ಟು ಕೊಡ ನೀರು ತಗೀತೈತಿ ಅಂತ ಬರಿ, ಲೈಟ್ ಆರಿದ ಮ್ಯಾಲ ಎಷ್ಟು ಅಂತ ಬ್ಯಾರೆ ಬರಿ ಅಂದ್ರು. 15 ಲೀಟರಿನ ಕೊಡ ಹಿಡದ್ರ 600 ಲೀಟರಿಗೆ 40 ಕೊಡ. ಒಂದು ಕೊಟೇಶನ್ನಿನ್ಯಾಗೂ ರಾತ್ರಿದು ಕೊಟ್ಟಿಲ್ಲ, ಬರೇ ಟನ್ ಐತಿ, ನಾಳೆ ಮೂರೂ ಕಡೆ ಫೋನ್ ಹಚ್ಚಬೇಕು, ಪ್ರಿಂಟ್ ಮಂಗಳವಾರಕ್ಕ ಹೋತು.

ಹಾಕಿದ್ದು ಹಿಂಗ: ಲೇಟೆಂಟ್ ಲೋಡ್ ‘ನೀರಿನ ಕಾವು’, ಸೆನ್ಸಿಬಲ್ ‘ಲೈಟಿನ ಕಾವು’ (ಗೋಡಿದೂ ಸೇರತೈತಿ ಅಂತ ಅಡಿಟಿಪ್ಪಣಿ), ರೀಹೀಟ್ ‘ಮರುಬಿಸಿ’, ಟನ್ ‘ಬರ್ಫ-ಟನ್’, ಚಿಲ್ಲರ್ ‘ತಣ್ಣೀರು ಮಷೀನ್’. ಬೋರ್ಡು: ಒಳಗ ಹದ ಐತಿ, ಬಾಗಲಾ ಹಾಕ್ರಿ.

ಧಾರವಾಡದಿಂದ

ಬಾಗಿಲು.