ಗೃಹಪ್ರವೇಶಕ್ಕೆ 'ಅಬೈಡ್ ವಿತ್ ಮಿ' ಹಾಡಿಸಬಹುದಾ?

ಹೊಸಮನೆ_ಹಾಸನ:
ಹಾಸನದಲ್ಲಿ ಮನೆ ಕಟ್ಸಿದೀವಿ, ಬರೋ ತಿಂಗ್ಳು ಒಂದು ಸಂಜೆ ಚರ್ಚಿನ ಅಯ್ಯನೋರನ್ನ ಕರೆಸಿ ಪ್ರಾರ್ಥನೆ ಇಟ್ಕೊಂಡಿದೀವಿ. ಅಮ್ಮಂಗೆ 'ಅಬೈಡ್ ವಿತ್ ಮಿ' ಅನ್ನೋ ಇಂಗ್ಲಿಷ್ ಭಕ್ತಿಗೀತೆ ಅಂದ್ರೆ ಪ್ರಾಣ, ಅದನ್ನೇ ಹಾಡ್ಸಿ ಅಂತಾರೆ. ದೊಡ್ಡಪ್ಪ ಮಾತ್ರ ಕೆಂಡ, ಹೊಸ್ಲು ದಾಟೋ ದಿನ ಯಾರಾದ್ರೂ ಮಣ್ಣು ಮಾಡೋವಾಗ ಹಾಡೋ ಹಾಡು ಹಾಡ್ತಾರಾ ಅಂತ. ಏನ್ ಮಾಡ್ಲಿ?

ಆಲ್ಟೋ_ಅಕ್ಕ:
ದೊಡ್ಡಪ್ಪಂಗೆ ಬೈಬಲ್ಲಲ್ಲಿ ಲೂಕನ ಸುವಾರ್ತೆ 24ನೇ ಅಧ್ಯಾಯ ತೆಗೆದು ತೋರ್ಸಿ. ಎಮ್ಮಾಹು ಅನ್ನೋ ಊರಿನ ದಾರೀಲಿ ಇಬ್ರು ಶಿಷ್ಯರ ಜೊತೆ ನಡ್ಕೊಂಡು ಬರ್ತಿರೋದು ಯೇಸು ಅಂತ ಅವರಿಗೇ ಗೊತ್ತಿರಲ್ಲ, ಊರು ಹತ್ರ ಬಂದಾಗ ಕತ್ಲಾಗ್ತಾ ಬಂತು ನಮ್ ಜೊತೇಲೇ ಇದ್ಬಿಡಿ ಅಂತ ಬಲವಂತ ಮಾಡಿ ಒಳಗ್ ಕರ್ಕೊಂಡು ಹೋಗಿ ಊಟಕ್ಕೆ ಕೂರಿಸ್ತಾರಲ್ಲ, ಹಾಡು ಶುರುವಾಗೋದೇ ಆ ಮಾತಿಂದ. ಮನೆಗೆ ಕರೆಯೋ ಮಾತು ರೀ ಅದು, ಗೃಹಪ್ರವೇಶಕ್ಕೆ ಇನ್ನೇನ್ ಬೇಕು! ಹಂಗಂತ ಸಾವಿನ ವಿಷ್ಯ ಇಲ್ವೇ ಇಲ್ಲ ಅನ್ನೋಕಾಗಲ್ಲ, ಹಾಡು ಬರೆದ ಹೆನ್ರಿ ಲೈಟ್ ಅನ್ನೋರು ಕಾಯಿಲೆಯಿಂದ 1847ರಲ್ಲಿ ತೀರ್ಕೊಂಡ್ರು, ಕೊನೇ ಚರಣದಲ್ಲಿ ಕಣ್ಣು ಮುಚ್ಚೋ ಹೊತ್ತು ಬರುತ್ತೆ. ಅದೊಂದನ್ನ ಬಿಟ್ಬಿಡಿ.

ಮಲ್ನಾಡ್_ಟೆನರ್:
1927ರಿಂದ ಇಂಗ್ಲೆಂಡಲ್ಲಿ ಎಫ್‌ಎ ಕಪ್ ಫುಟ್ಬಾಲ್ ಫೈನಲ್‌ಗೆ ಇದನ್ನ ಹಾಡ್ತಾರೆ, ದಿಲ್ಲೀಲಿ ಗಣರಾಜ್ಯೋತ್ಸವ ಮುಗಿಸೋ ಬೀಟಿಂಗ್ ರಿಟ್ರೀಟ್‌ಗೆ 2022ರಲ್ಲಿ ಕೈಬಿಡೋ ತನಕ ಬ್ಯಾಂಡಿನೋರು ನುಡಿಸ್ತಿದ್ರು, ಗಾಂಧೀಜಿಗೂ ಇಷ್ಟದ ಹಾಡು. ಅಲ್ಲೆಲ್ಲ ಯಾರ್ ಸತ್ತಿದ್ರಪ್ಪಾ 😄 ಕ್ರಿಸ್ಮಸ್ ಹಾಡು 'ಜಾಯ್ ಟು ದ ವರ್ಲ್ಡ್' ಕಥೆನೂ ಅಷ್ಟೆ, ಬೈಬಲ್ಲಿನ 98ನೇ ಕೀರ್ತನೆ ಇಟ್ಕೊಂಡು 1719ರಲ್ಲಿ ಬಂದಿದ್ದು, ಅದ್ರಲ್ಲಿ ಗೋದಲಿನೂ ಇಲ್ಲ ಕುರುಬರೂ ಇಲ್ಲ, ಆದ್ರೂ ಡಿಸೆಂಬರ್ ಬಿಟ್ಟು ಬೇರೆ ತಿಂಗ್ಳಲ್ಲಿ ಹಾಡಿದ್ರೆ ಜನ ಮುಖ ಮುಖ ನೋಡ್ಕೋತಾರೆ.

ಚಿಕ್ಮಗ್ಳೂರ್_ಕಾಫಿ:
ನಾನು ಸ್ವಲ್ಪ ದೊಡ್ಡಪ್ಪನ ಕಡೆ. ನಾವು ಕ್ಯಾಥೊಲಿಕ್ಸು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಪೂರ್ತಿ ಪೂಜೇಲಿ 'ಅಲ್ಲೆಲೂಯ' ಅನ್ನೋ ಸ್ತುತಿ ಹಾಡೋ ಹಂಗೇ ಇಲ್ಲ, ಅಷ್ಟು ವಾರ ಬಾಯಿ ಕಟ್ಟಿರೋದಕ್ಕೇ ಪಾಸ್ಕದ (ಈಸ್ಟರ್) ರಾತ್ರಿ ಎತ್ಕೊಂಡಾಗ ಮೈ ಜುಮ್ ಅನ್ನೋದು. ಎಲ್ಲಾ ಕಡೆ ಎಲ್ಲಾ ಹಾಡಿದ್ರೆ ಆ ರುಚಿ ಎಲ್ಲಿ ಉಳಿಯುತ್ತೆ? ಮತ್ತೆ ವಚನ ತೋರ್ಸಿ ವಾದ ಗೆಲ್ಲೋಕೆ ಹೋಗ್ಬೇಡಿ, ಈ ಹಾಡು ಕೇಳಿದ್ರೆ ಯಾರನ್ನ ಮಣ್ಣು ಮಾಡಿದ ದಿನ ದೊಡ್ಡಪ್ಪಂಗೆ ನೆನಪಾಗುತ್ತೋ, ಮೊದ್ಲು ಅದನ್ನ ಕೇಳಿ.

ಹೊಸಮನೆ_ಹಾಸನ:
ಕೇಳ್ದೆ, ನಮ್ ತಾತನ ಮಣ್ಣಿಗೆ ಹಾಡಿದ್ರಂತೆ. ಒಳಗೆ ಹೋಗುವಾಗ ಬೇರೆ ಹಾಡು, ಊಟಕ್ಕೆ ಮುಂಚೆ ಇದರ ಎರಡು ಚರಣ ಅಂದ್ರೆ ಸರಿ ಅಂದಿದಾರೆ. ಈಗ ಇನ್ನೊಂದು ತಲೆನೋವು, ಕೀಬೋರ್ಡ್ ಹುಡ್ಗ ಪುಸ್ತಕದಲ್ಲಿರೋ ಇ ಫ್ಲಾಟ್ ಶ್ರುತೀಲೇ ನುಡಿಸ್ತೀನಿ ಅಂತಾನೆ, ಅಮ್ಮಂಗೆ ಅಷ್ಟು ಮೇಲೆ ಎಟುಕಲ್ಲ. ಸಿ ಗೆ ಇಳಿಸಿದ್ರೆ ಗಂಡಸರಿಗೆ ತೀರಾ ಕೆಳಗಾಗುತ್ತಾ?

ಆಲ್ಟೋ_ಅಕ್ಕ:
ಡಿ ಇಟ್ಕೊಳ್ಳಿ ಸಾಕು. ನಿಧಾನ ಎಳೀಬೇಡಿ ಅಂತ ಹೇಳಿ ಅವನಿಗೆ, ಎಳೆದ್ರೆ ದೊಡ್ಡಪ್ಪ ಮತ್ತೆ ಶುರು ಮಾಡ್ತಾರೆ.