ಶುಲ್ಕವಿಲ್ಲದ ಕಾರ್ಡಿನಲ್ಲಿ ಮೈಲ್ಸ್: ಬಳಸಿದವರ ಅನುಭವ

ಪ್ರಶ್ನೆ: ವರ್ಷಕ್ಕೆ ಒಂದೆರಡು ಸಲ ಮಾತ್ರ ವಿಮಾನ ಹತ್ತುತ್ತೇನೆ. ವಾರ್ಷಿಕ ಶುಲ್ಕ ಕಟ್ಟುವ ಮನಸ್ಸಿಲ್ಲ. ಮೈಲ್ಸ್ (ವಿಮಾನದ ಟಿಕೆಟ್‌ಗೆ ಬಳಸಬಹುದಾದ ಏರ್‌ಲೈನ್ ಪಾಯಿಂಟ್ಸ್) ಸೇರಿಸಲು ಎಂಥ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಲಿ? ಬಳಸಿದವರು ಹೇಳಿ.

— ಆರು ವರ್ಷದಿಂದ ಇಂಥದ್ದೇ ಕಾರ್ಡ್ ಇಟ್ಟುಕೊಂಡಿದ್ದೇನೆ. ಮೊದಲು ಶುಲ್ಕದ ಷರತ್ತು ಓದಿ. ಕೆಲವಕ್ಕೆ ಮೊದಲ ವರ್ಷ ಮಾತ್ರ ಶುಲ್ಕ ಇರುವುದಿಲ್ಲ. ಇನ್ನು ಕೆಲವಕ್ಕೆ ಇಂತಿಷ್ಟು ಖರ್ಚು ಮಾಡಿದರೆ ಮನ್ನಾ. ಆ ಮನ್ನಾಕ್ಕೋಸ್ಕರ ಸುಮ್ನೆ ಖರ್ಚು ಮಾಡುವ ಹಾಗಾಗಬಾರದು ಅಲ್ವಾ?

ಅದಕ್ಕಿಂತ ಮುಖ್ಯವಾದದ್ದು, ಖರ್ಚಿಗೆ ಕಾರ್ಡ್ ಕೊಡುವ ಪಾಯಿಂಟ್ಸ್ ಏರ್‌ಲೈನ್‌ಗೆ ಹೋಗಿ ಮೈಲ್ಸ್ ಆಗುತ್ತವೆಯೇ ಅನ್ನುವುದು. ನನ್ನ ಮೊದಲ ಕಾರ್ಡ್ ಧಾರಾಳವಾಗಿ ಪಾಯಿಂಟ್ಸ್ ಕೊಡುತ್ತಿತ್ತು. ಆದರೆ ಅವನ್ನು ಮೈಲ್ಸ್ ಮಾಡಿಕೊಳ್ಳುವ ದಾರಿಯೇ ಇರಲಿಲ್ಲ. ಎರಡು ವರ್ಷ ಸೇರಿಸಿದ್ದೆಲ್ಲ ಗಿಫ್ಟ್ ವೋಚರ್ ಆಗಿ ಹೋಯಿತು, ತುಂಬಾ ಬೇಜಾರಾಯಿತು. ಈಗ ಒಂದೇ ಲೆಕ್ಕ ಹಾಕುತ್ತೇನೆ: 100 ಖರ್ಚು ಮಾಡಿದರೆ ಕೊನೆಗೆ ಕೈಗೆ ಎಷ್ಟು ಮೈಲು? 2 ಪಾಯಿಂಟ್ ಕೊಟ್ಟು, 4 ಪಾಯಿಂಟಿಗೆ 1 ಮೈಲು ಮಾಡುವ ಕಾರ್ಡಿನಲ್ಲಿ ಸಿಗುವುದು ಅರ್ಧ ಮೈಲು. 1 ಪಾಯಿಂಟ್ ಕೊಟ್ಟು ಅದನ್ನೇ 1 ಮೈಲು ಮಾಡುವ ಕಾರ್ಡ್ ಅದರ ಎರಡರಷ್ಟು ಕೊಟ್ಟಂತೆ.

— ಮೈಲ್ಸ್ ಅವಧಿಯನ್ನೂ ನೋಡಿ. ನಿಮ್ಮ ಹಾಗೆ ಕಡಿಮೆ ಓಡಾಡುವವರಿಗೆ ಇದೇ ದೊಡ್ಡ ಪೆಟ್ಟು. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ 3 ವರ್ಷಕ್ಕೆ ಮುಗಿಯುತ್ತವೆ. ಅಮೆರಿಕದ ಡೆಲ್ಟಾ ಏರ್‌ಲೈನ್‌ನ ಸ್ಕೈಮೈಲ್ಸ್‌ಗೆ ಅವಧಿ ಇಲ್ಲ. ಒಂದೇ ಏರ್‌ಲೈನ್ ಹೆಸರಿನ ಕಾರ್ಡ್ ಆದರೆ, ಅದು ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಅಥವಾ ಸ್ಕೈಟೀಮ್ ಕೂಟದಲ್ಲಿ ಇದೆಯೇ ಅಂತ ವಿಚಾರಿಸಿ. ಇದ್ದರೆ ಜೊತೆಗಿರುವ ಬೇರೆ ಏರ್‌ಲೈನ್‌ಗಳಲ್ಲೂ ಆ ಮೈಲ್ಸ್‌ನಿಂದ ಟಿಕೆಟ್ ಮಾಡಿಸಬಹುದು.

— ಬಿಲ್ ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೀರಾ? ಇಲ್ಲವಾದರೆ ಮೈಲ್ಸ್ ಆಸೆ ಬಿಟ್ಟುಬಿಡಿ. ಒಂದೆರಡು ತಿಂಗಳ ಬಡ್ಡಿಯೇ ವರ್ಷವಿಡೀ ಸೇರಿಸಿದ ಮೈಲ್ಸ್‌ನ ಬೆಲೆಯನ್ನು ಮೀರಬಹುದು. ಶುಲ್ಕವಿಲ್ಲದ ಎಷ್ಟೋ ಕಾರ್ಡುಗಳು ಬೇರೆ ದೇಶದ ಹಣದಲ್ಲಿ ಖರ್ಚು ಮಾಡಿದಾಗ ಶೇ. 3ರ ಆಸುಪಾಸು ಜಾಸ್ತಿ ಹಿಡಿಯುತ್ತವೆ. ಪ್ರವಾಸದಲ್ಲಿ ಉಜ್ಜುವ ಮುಂಚೆ ಇದು ಗೊತ್ತಿರಲಿ.

ಪ್ರಶ್ನೆ ಕೇಳಿದವರು: ಬಿಲ್ ಪೂರ್ತಿ ಕಟ್ಟುತ್ತೇನೆ. ಮೈಲ್ಸ್ ಕೊಟ್ಟರೆ ಟಿಕೆಟ್ ಪೂರ್ತಿ ಉಚಿತವೇ?

— ಇಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಕೈಯಿಂದಲೇ ಕಟ್ಟಬೇಕು. ಕೆಲವು ಏರ್‌ಲೈನ್‌ಗಳು ಇಂಧನದ ಸರ್‌ಚಾರ್ಜ್ ಬೇರೆ ಸೇರಿಸುತ್ತವೆ. ನೀವು ಹೋಗುವ ದಾರಿಗೆ ಒಂದು ಟಿಕೆಟ್ ಹುಡುಕಿ, ಮೈಲ್ಸ್ ಎಷ್ಟು, ಕೈಯಿಂದ ಎಷ್ಟು ಅಂತ ನೋಡಿಯೇ ಕಾರ್ಡಿಗೆ ಅರ್ಜಿ ಹಾಕಿ.